ಪದ ಬೇಕು: ಹರಕೆ ಹೊತ್ತು ಮುಖವಾಡ ಹಾಕಿ ಏಟು ತಿನ್ನುವವನಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ನಾಳೆ ಸಂಜೆಯೊಳಗೆ. ಹೋದ ಜನವರಿಯಲ್ಲಿ ಸ್ಪೇನಿನ ಪಿಯೊರ್ನಾಲ್ ಎಂಬ ಹಳ್ಳಿಗೆ ಹೋಗಿದ್ದೆ. ಅಲ್ಲಿ ತೆಗೆದ ಫೋಟೋಗಳನ್ನು ನಮ್ಮ ಬಡಾವಣೆಯ ವಾಚನಾಲಯದಲ್ಲಿ ತೂಗುಹಾಕುತ್ತಿದ್ದೇವೆ. ಬರಹವೆಲ್ಲ ಕನ್ನಡದಲ್ಲೇ ಇರಲಿ ಅಂತ ನನ್ನ ಆಸೆ. ಎಲ್ಲಕ್ಕಿಂತ ದೊಡ್ಡ ಫೋಟೋಗೇ ಪದ ಸಿಗುತ್ತಿಲ್ಲ.

ಪಿಯೊರ್ನಾಲ್ ಇರುವುದು ಎಸ್ತ್ರೆಮದೂರಾ ಸೀಮೆಯ ಬೆಟ್ಟದ ಮೇಲೆ, 1,175 ಮೀಟರ್ ಎತ್ತರದಲ್ಲಿ. ಆ ಸೀಮೆಗೆಲ್ಲ ಅತಿ ಎತ್ತರದ ಊರು ಅದೇ. ಜನವರಿ 19 ಮತ್ತು 20ಕ್ಕೆ ಸಂತ ಸೆಬಾಸ್ಟಿಯನ್ ಹಬ್ಬ. ಮೈತುಂಬ ಬಣ್ಣಬಣ್ಣದ ಬಟ್ಟೆಪಟ್ಟಿ ಹೊಲಿದ ಉಡುಪು ತೊಟ್ಟು ಒಬ್ಬ ಬೀದಿಗೆ ಬರುತ್ತಾನೆ. ತಲೆಗೆ ಚೂಪು ಮುಖವಾಡ, ಅದಕ್ಕೆ ಕೊಂಬು, ದೊಡ್ಡ ಮೂಗು, ಕುದುರೆಗೂದಲು. ಕೈಯಲ್ಲಿ ಡೋಲು. ಊರಿಗೆ ಊರೇ ಅವನ ಮೇಲೆ ಟರ್ನಿಪ್ ಗೆಡ್ಡೆ ಬೀಸಿ ಎಸೆಯುತ್ತದೆ, ಟನ್‌ಗಟ್ಟಲೆ. ಅವನು ಡೋಲು ಬಾರಿಸುತ್ತಾ ನಡೆಯುತ್ತಾನೆ, ಮೈಯಲ್ಲಿ ಕಸುವು ಇರುವ ತನಕ. ಬಟ್ಟೆಯ ಒಳಗೆ ಫೈಬರ್‌ಗ್ಲಾಸ್ ಕವಚ ಇರುತ್ತದೆ. ಆದರೂ ಆ ಸದ್ದು ಕೇಳಿದರೆ ನಮ್ಮ ಪಕ್ಕೆ ನೋಯುತ್ತದೆ.

ಅವನನ್ನು ಹಾರ್ರಾಂಪ್ಲಾಸ್ ಅನ್ನುತ್ತಾರೆ. ದನಗಳ್ಳನೊಬ್ಬನಿಗೆ ಊರವರು ಕೊಟ್ಟ ಶಿಕ್ಷೆಯ ನೆನಪಿದು ಅಂತ ಒಂದು ಕತೆ ಇದೆ. ಆದರೆ ಈ ವೇಷ ಹಾಕುವವರು ಎಷ್ಟೋ ಜನ ಸಂತನಿಗೆ ಮಾತು ಕೊಟ್ಟು ಹಾಕುವವರು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ನಾನು ನೋಡಿದವನು ಮುಖವಾಡ ತೆಗೆದಾಗ ಅಳುತ್ತಿದ್ದ. ಅವನ ತಾಯಿ ಬಂದು ಹಣೆ ಒರೆಸಿದರು. ನಾನು ತೆಗೆದದ್ದು ಅದೇ ಫೋಟೋ. ವೇಷಧಾರಿ, ಮುಖವಾಡಧಾರಿ ಎರಡೂ ಅದರ ಕೆಳಗೆ ಒಣಗಿದ ಹಾಗೆ ಕಾಣುತ್ತವೆ. ಏನು ಬರೆಯಲಿ?

ಮರು: ಬೆಂಗಳೂರಿನಿಂದ

ಸೋಗುಗಾರ. ಅಚ್ಚಗನ್ನಡ, ಇನ್ನೇನೂ ಬೇಕಿಲ್ಲ. ‘ಧಾರಿ’ ತಗಲಿಸಿದ ಪದ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಮುಖವಾಡ ಅಂತಲೂ ಬೇಡ, ಮೊಗವಾಡ ಅನ್ನಿ.

ಮರು: ಧಾರವಾಡದಿಂದ

ಸ್ಪ್ಯಾನಿಷಿನವರು ಮುಖವಾಡಕ್ಕೆ ‘ಮಾಸ್ಕರಾ’ ಅನ್ನುತ್ತಾರೆ. ಇಟಲಿಯ ‘ಮಾಸ್ಕೆರಾ’ದಿಂದ ಬಂದದ್ದು. ಅದರ ಹಿಂದೆ ಅರಬ್ಬಿಯ ‘ಮಸ್ಖರಾ’ ಇದೆ ಅಂತ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟೇ ಹೇಳುತ್ತದೆ. ನಗೆಪಾಟಲಾದವನು ಅಂತ ಅರ್ಥ. ಅದೇ ಪದ ಪಾರಸಿ, ಉರ್ದು ದಾಟಿ ನಮ್ಮಲ್ಲಿ ‘ಮಸ್ಕಿರಿ’ ಆಗಿದೆ. ಮಸ್ಕಿರಿ ಮಾಡಬ್ಯಾಡ ಅಂತೀವಲ್ಲ, ಅದೇ. ಹಾಗಾಗಿ ‘ಮಸ್ಕಿರಿಯವನು’ ಅಂದರೆ ಎರಡೂ ಕಡೆಯ ಬೇರು ಒಂದೇ ಆಗುತ್ತದೆ. ಇದಕ್ಕಿಂತ ಚೆಂದದ ಪದ ಸಿಗಲಾರದು.

ಮರು: ಮೈಸೂರಿನಿಂದ

ಬೇರು ಸರಿ, ಪದ ತಪ್ಪು. ಅಳುತ್ತಿರುವವನ ಫೋಟೋ ಕೆಳಗೆ ಮಸ್ಕಿರಿ ಅಂತ ಬರೆಯುತ್ತಾರಾ?

ಸೋಗಿನ ಬಗ್ಗೆಯೂ ಒಂದು ಮಾತು. ಮರಾಠಿಯ ‘ಸೋಂಗ್’, ಹಿಂದಿಯ ‘ಸ್ವಾಂಗ್’ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಅಚ್ಚಗನ್ನಡ ಅಂತ ಆಣೆ ಮಾಡಿ. ಅದೂ ಅಲ್ಲದೆ ಇವತ್ತು ಸೋಗು ಅಂದರೆ ನಟನೆ, ಸುಳ್ಳು. ಸೋಗಲಾಡಿ ಅಂತ ಬೈಯುತ್ತೇವೆ.

ಹೆಸರಿನ ಬಗ್ಗೆ: ಸ್ಪ್ಯಾನಿಷಿನಲ್ಲಿ ಎರಡು ಬಗೆಯ ರ ಇದೆ. ನಮಗೂ ಇತ್ತು. ‘ಅರಿ’ ಅಂದರೆ ಕತ್ತರಿಸು, ‘ಅಱಿ’ ಅಂದರೆ ತಿಳಿ. ‘ಹಾಱಾಂಪ್ಲಾಸ್’ ಅಂತ ಶಕಟರೇಫದಲ್ಲಿ, ಅಂದರೆ ಈ ಱ ಅಕ್ಷರದಲ್ಲಿ, ಬರೆದರೆ ಹಳೆಯ ಅಕ್ಷರಕ್ಕೆ ಒಂದು ಕೆಲಸ ಸಿಕ್ಕಂತಾಗುತ್ತದೆ.

ಮರು: ಬೆಂಗಳೂರಿನಿಂದ

ಱ ಬೇಡ. ಬೋರ್ಡು ಓದುವವರು ಅಲ್ಲೇ ನಿಂತುಬಿಡುತ್ತಾರೆ.

ಮರು: ಉಡುಪಿಯಿಂದ

ಇಷ್ಟೆಲ್ಲ ಹುಡುಕಾಟ ಯಾಕೆ? ಕರಾವಳಿಯಲ್ಲಿ ಈ ಪದ ದಿನಬಳಕೆಯಲ್ಲೇ ಇದೆ: ಹರಕೆ ವೇಷ. ನವರಾತ್ರಿಗೆ ಹುಲಿವೇಷ ಹಾಕುವವರಲ್ಲಿ ಎಷ್ಟೋ ಜನ ಹರಕೆ ಹೊತ್ತೇ ಹಾಕುತ್ತಾರೆ. ಬಣ್ಣ ಬಳಿಸಿಕೊಂಡು ಗಂಟೆಗಟ್ಟಲೆ ನಿಂತು, ಬಿಸಿಲಲ್ಲಿ ಕುಣಿದು, ರಾತ್ರಿ ಆ ಬಣ್ಣ ತೆಗೆಯುವಾಗ ಚರ್ಮ ಉರಿಯುತ್ತದೆ. ಅದು ನಟನೆ ಅಲ್ಲ, ಸಾಲ ತೀರಿಸುವ ಹಾಗೆ. ನೀವು ಪಿಯೊರ್ನಾಲಿನಲ್ಲಿ ಕಂಡದ್ದೂ ಅದೇ ಅಲ್ವಾ?

ಮರು: ಬೆಂಗಳೂರಿನಿಂದ

ವೇಷ ಸಂಸ್ಕೃತ.

ಮರು: ಉಡುಪಿಯಿಂದ

ಹೌದು. ಹಬ್ಬ ಬಂದದ್ದು ಪರ್ವದಿಂದ, ಜಾತ್ರೆ ಯಾತ್ರೆಯಿಂದ. ಅವನ್ನೂ ಬಿಡುತ್ತೀರಾ? ವೇಷ ಹಾಕು, ವೇಷ ಕಟ್ಟು, ವೇಷ ಕಳಚು ಅಂತ ನಮ್ಮ ಜನ ಇಷ್ಟು ಕಾಲ ಆಡಿದ ಮೇಲೆ ಅದು ನಮ್ಮದೇ. ಇನ್ನು ‘ಹರಕೆ’ ಅಂತೂ ನಿಮಗೆ ಬೇಕಾದ ಹಾಗೇ ಇದೆ. ಹರಸು, ಹರಕೆ, ಹಳಗನ್ನಡದಲ್ಲಿ ಪರಸು, ಪರಕೆ. ಕೊಟ್ಟ ಮಾತೂ ಅದೇ, ಪಡೆದ ಆಶೀರ್ವಾದವೂ ಅದೇ. ಇಂಥ ಪದ ಕೈಯಲ್ಲಿದ್ದಾಗ ಎರವಲಿನ ಜಗಳ ಸುಮ್ನೆ.

ಮರು: ಬೆಂಗಳೂರಿನಿಂದ

ಹರಕೆ ಒಪ್ಪಿದೆ. ವೇಷ ಒಪ್ಪಿಲ್ಲ. ಎರವಲು ತರುವುದು ತಪ್ಪಲ್ಲ, ಇದ್ದದ್ದನ್ನು ಮರೆತು ತರುವುದು ತಪ್ಪು. ನಮ್ಮ ಮಕ್ಕಳ ಬಾಯಲ್ಲಿ ಈಗ ಮೊಗವೂ ಇಲ್ಲ, ಮೋರೆಯೂ ಇಲ್ಲ. ಅದಕ್ಕೇ ಹಟ ಹಿಡಿಯುತ್ತೇನೆ.

ಮರು: ತುಮಕೂರಿನಿಂದ

ಟರ್ನಿಪ್‌ಗೆ ನವಿಲುಕೋಸು ಅನ್ನಬಹುದಲ್ಲ?

ಮರು: ಮೈಸೂರಿನಿಂದ

ಆಗದು. ನವಿಲುಕೋಸು ನೆಲದ ಮೇಲೆ ಊದುವ ಕಾಂಡ. ಟರ್ನಿಪ್ ಗೆಡ್ಡೆ.

ಮರು: ಕೇಳಿದವಳಿಂದ

ಎಲ್ಲರಿಗೂ ಧನ್ಯವಾದ. ‘ಹರಕೆ ವೇಷ’ ಓದಿದ ಕೂಡಲೇ ಆ ತಾಯಿಯ ಕೈ ನೆನಪಾಯಿತು. ನಮ್ಮದೇ ಪದ ಇದ್ದೂ ನನಗೆ ಹೊಳೆಯಲಿಲ್ಲ, ಘಟ್ಟದ ಮೇಲೆ ಬೆಳೆದವಳು ನಾನು. ಮೊಗವಾಡ ಇಟ್ಟುಕೊಂಡಿದ್ದೇನೆ, ಅದು ಕಿವಿಗೆ ಹಿತವಾಗಿದೆ. ಹೆಸರನ್ನು ಎರಡು ರಕಾರದಲ್ಲಿ ಬರೆದೆ. ಟರ್ನಿಪ್ ಹಾಗೇ ಇರಲಿ. ಅಚ್ಚಿಗೆ ಕಳಿಸಿದ್ದು ಹೀಗೆ:

“ಹರಕೆ ವೇಷ ಕಳಚಿದ ಹಾರ್ರಾಂಪ್ಲಾಸ್. ಮೊಗವಾಡ ಮಡಿಲಲ್ಲಿ, ಟರ್ನಿಪ್ ಚೂರು ಕೂದಲಲ್ಲಿ. ಪಕ್ಕದಲ್ಲಿ ತಾಯಿ. ಪಿಯೊರ್ನಾಲ್, ಜನವರಿ 20.”