ಕುಸ್ಕೊಗೆ ನಾಲ್ಕು ಜನ, ಕೈಯಲ್ಲಿ ಕಡಿಮೆ ದುಡ್ಡು: ಹೋಗಿ ಬಂದವರು ಹೇಳಿ

ಹೊಸ ಅಲೆಮಾರಿ
ನಾವು ನಾಲ್ಕು ಜನ ಕಾಲೇಜು ಸ್ನೇಹಿತರು. ಇಬ್ಬರು ಡಲ್ಲಾಸ್‌ನಲ್ಲಿ, ಇಬ್ಬರು ಬೆಂಗಳೂರಲ್ಲಿ. ಸೆಪ್ಟೆಂಬರ್‌ನಲ್ಲಿ ಎಂಟು ದಿನ ಪೆರುವಿನ ಕುಸ್ಕೊ ಸುತ್ತುವ ಆಸೆ. ಎಲ್ಲರಿಗೂ ಅಮೆರಿಕದ ವೀಸಾ ಇದೆ, ಆರು ತಿಂಗಳಿಗಿಂತ ಜಾಸ್ತಿ ಅವಧಿ ಉಳಿದಿದೆ. ಹಾಗಾಗಿ ಪೆರು ವೀಸಾ ಚಿಂತೆ ಇಲ್ಲ. ರಾಜಧಾನಿ ಲಿಮಾ ತಲುಪಿದ ಮೇಲೆ ತಲೆಗೆ 500 ಡಾಲರ್‌ನಲ್ಲಿ ಮುಗಿಸಬೇಕು. ಒಬ್ಬ ಪಕ್ಕಾ ಸಸ್ಯಾಹಾರಿ, ಇನ್ನೊಬ್ಬನಿಗೆ ಮಂಡಿ ನೋವು. ಲಿಮಾದಿಂದ ಬಸ್ಸಾ, ವಿಮಾನವಾ? ಬೆಟ್ಟದ ಮೇಲಿನ ಇಂಕಾ ಕಾಲದ ಊರು ಮಾಚು ಪಿಚುಗೆ ರೈಲಾ, ನಡಿಗೆಯಾ? ದಯವಿಟ್ಟು ಅನುಭವ ಹೇಳಿ.

ಜೇಬುಖಾಲಿ
ಬಸ್ಸು. ಎರಡನೇ ಮಾತೇ ಇಲ್ಲ. 2023ರ ಜುಲೈನಲ್ಲಿ ನಾವು ಐದು ಜನ ಹೋಗಿದ್ದೆವು. ಬಸ್ಸಿಗೆ ತಲೆಗೆ 120 ಸೋಲ್, ವಿಮಾನಕ್ಕೆ ಬ್ಯಾಗಿನ ಚಾರ್ಜೂ ಸೇರಿ 240 ಕೇಳುತ್ತಿದ್ದರು. ಆಗ ಒಂದು ಸೋಲ್ ಅಂದರೆ ಸುಮಾರು 22 ರೂಪಾಯಿ. 22 ಗಂಟೆ ಪ್ರಯಾಣ ಅಂದಿದ್ದರು, ಅಬಾಂಕಾಯ್ ಹತ್ತಿರ ರಸ್ತೆ ರಿಪೇರಿ ಇತ್ತು, 25 ಆಯಿತು. ಆಗಲಿ ಬಿಡಿ, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತಲ್ವಾ?

ಸಾನ್ ಬ್ಲಾಸ್ ಬಡಾವಣೆಯಲ್ಲಿ ಡಾರ್ಮಿಟರಿ ಹಾಸಿಗೆಗೆ 35 ಸೋಲ್. ಬೆಳಗ್ಗೆ ಬ್ರೆಡ್ಡು, ಜ್ಯಾಮು, ಕೋಕಾ ಎಲೆಯ ಚಹಾ ಪುಕ್ಕಟೆ. ಸಾನ್ ಪೆದ್ರೊ ಮಾರ್ಕೆಟ್ಟಿನಲ್ಲಿ 8 ಸೋಲ್‌ಗೆ ಸೂಪು, ಅನ್ನ, ಕೋಳಿ. ಇಷ್ಟು ಹಿಡಿದು ಹಿಡಿದು ಖರ್ಚು ಮಾಡಿದವನಿಗೆ ಎಟಿಎಂ ಏನು ಮಾಡಿತು ಗೊತ್ತಾ? ಒಂದೊಂದು ಸಲ ತೆಗೆದಾಗಲೂ 33 ಸೋಲ್ ಚಾರ್ಜು. ಒಂದೇ ಸಲಕ್ಕೆ ಜಾಸ್ತಿ ಕೊಡುವುದೂ ಇಲ್ಲ. ನಾಲ್ಕು ಸಲ ತೆಗೆದೆ, 132 ಸೋಲ್. ಬಸ್ಸಿನಲ್ಲಿ ಉಳಿಸಿದ್ದು ಅಲ್ಲಿಗೇ ಹೋಯಿತು, ಮೇಲೆ ಇನ್ನೂ ಹನ್ನೆರಡು. ನಗದು ಡಾಲರ್ ಒಯ್ದರೆ ನೋಟು ಇಸ್ತ್ರಿ ಮಾಡಿದ ಹಾಗಿರಬೇಕು. ನನ್ನ ನೂರರ ನೋಟಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಹರಿದಿತ್ತು. ದೊಡ್ಡ ಚೌಕದ ಸುತ್ತ ಆರು ಅಂಗಡಿ ಅಲೆದೆ. ಆರೂ ಜನ ಬೆಳಕಿಗೆ ಹಿಡಿದು ನೋಡಿ, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು. ಈಗಲೂ ನಮ್ಮ ಮನೆ ಬೀರುವಿನಲ್ಲೇ ಇದೆ.

ಉಸಿರು ಕಟ್ಟಿದವಳು
ದುಡ್ಡಿನ ಲೆಕ್ಕ ಆಮೇಲೆ ಹಾಕಿ, ಮೊದಲು ಉಸಿರಾಡಿ. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಲಿಮಾ ಸಮುದ್ರದ ಪಕ್ಕ. ವಿಮಾನದಲ್ಲಿ ಒಂದೂಕಾಲು ಗಂಟೆಗೆ ಆ ಎತ್ತರಕ್ಕೆ ಎತ್ತಿ ಹಾಕುತ್ತಾರೆ. ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಮಾತ್ರೆ ತಗೋತೀನಿ, ಡಾಕ್ಟರ್ ಬರೆದುಕೊಟ್ಟಿದ್ದಾರೆ ಅಂದರೆ ನಮ್ಮ ಗುಂಪಿನ "ಅನುಭವಿ" ಗೆಳತಿ ನಕ್ಕಳು. ಕೋಕಾ ಚಹಾ ಕುಡಿ, ಸಾಕು ಅಂದಳು. ಮಾತು ಕೇಳಿದೆ. ಎರಡನೇ ದಿನವೇ ವಿನಿಕುಂಕಾ, ಅಂದರೆ ಆ ಬಣ್ಣಬಣ್ಣದ ಬೆಟ್ಟ, 5,000 ಮೀಟರ್ ಮೇಲೆ. ಯಾಕೆ ಎರಡನೇ ದಿನ? ಮುಂಗಡ ಕಟ್ಟಿದ 90 ಸೋಲ್ ವಾಪಸ್ ಬರುವುದಿಲ್ಲವಂತೆ!

ಬೆಳಗಿನ ಜಾವ ನಾಲ್ಕಕ್ಕೆ ವ್ಯಾನು. ಅರ್ಧ ದಾರಿಯಲ್ಲಿ ತಲೆ ಸಿಡಿಯೋಕೆ ಶುರುವಾಯಿತು, ಕುಡಿದ ನೀರೂ ನಿಲ್ಲಲಿಲ್ಲ. ಅವಳು "ನೀನು ಇಲ್ಲೇ ಕೂತಿರು" ಅಂತ ಕುದುರೆಯವರ ಹತ್ತಿರ ನನ್ನನ್ನು ಬಿಟ್ಟು ಮೇಲೆ ಹೋದಳು. ಅಲ್ಲಿದ್ದ ಹೆಂಗಸೊಬ್ಬರು ತಮ್ಮ ಕಂಬಳಿ ತೆಗೆದು ನನಗೆ ಹೊದೆಸಿದರು. ಅವರು ಆಡುತ್ತಿದ್ದದ್ದು ಕೆಚುವಾ, ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆ ಕಂಬಳಿಯ ಹೊಗೆ ವಾಸನೆ ಈಗಲೂ ನೆನಪಿದೆ. ಸಂಜೆ ರೂಮಿಗೆ ಡಾಕ್ಟರ್, ಆಕ್ಸಿಜನ್, 380 ಡಾಲರ್ ಬಿಲ್ಲು. ವಿಮೆಯವರು ರಸೀದಿ ಇಂಗ್ಲಿಷಿನಲ್ಲಿಲ್ಲ ಅಂದರು. ಅನುವಾದ ಮಾಡಿಸಿ ಕಳಿಸಿದೆ, ಮೊದಲೇ ಫೋನ್ ಮಾಡಿ ತಿಳಿಸಿರಲಿಲ್ಲ ಅಂತ ತಳ್ಳಿಹಾಕಿದರು. ಹೋದ ವರ್ಷ ಅವಳ ಮದುವೆ ಆಯಿತು. ನಾನು ಹೋಗಲಿಲ್ಲ.

ಜೇಬುಖಾಲಿ
ಅದಕ್ಕೇ ಅಕ್ಕ ಬಸ್ಸು ಅಂದಿದ್ದು. ನಿಧಾನಕ್ಕೆ ಏರುತ್ತೆ, ಮೈ ಒಗ್ಗುತ್ತೆ.

ಉಸಿರು ಕಟ್ಟಿದವಳು
ಬಸ್ಸು ದಾರಿಯಲ್ಲಿ 4,000 ಮೀಟರ್ ದಾಟಿಯೇ ಕುಸ್ಕೊಗೆ ಬರೋದು. ಒಂದು ರಾತ್ರಿಗೆ ಯಾರ ಮೈಯೂ ಒಗ್ಗೋದಿಲ್ಲ. ಎತ್ತರದಲ್ಲಿ ಉಸಿರು ಕಟ್ಟೀತು ಅಂತ ಹೆದರುವವರು ಕುಸ್ಕೊದಲ್ಲಿ ಇಳಿದ ದಿನವೇ ಒಯಾಂತಾಯ್ತಾಂಬೊಗೆ ಹೋಗಿ ಮಲಗಿ. ಅದು 2,800 ಮೀಟರ್ ಅಷ್ಟೇ. ಪಾವಿತೋಸ್ ಬೀದಿಯಿಂದ ಶೇರ್ ವ್ಯಾನು ಸಿಗುತ್ತೆ, ಎರಡು ಗಂಟೆ ದಾರಿ. ಮತ್ತೆ ನನ್ನನ್ನು ಅಕ್ಕ ಅನ್ನಬೇಡಿ, ನಿಮ್ಮ ವಯಸ್ಸು ನನಗೇನು ಗೊತ್ತು?

ಡಲ್ಲಾಸ್ ದೋಸೆ
ಡಲ್ಲಾಸ್‌ನವರಿಗೆ ಒಂದು ಮಾತು. ಕೋಕಾ ಚಹಾ ಅಲ್ಲಿ ಎಲ್ಲರೂ ಕುಡಿಯುತ್ತಾರೆ, ತಪ್ಪಿಲ್ಲ. ಆದರೆ ವಾಪಸ್ ಬಂದ ತಕ್ಷಣ ಹೊಸ ಕೆಲಸಕ್ಕೆ ಮೂತ್ರ ಪರೀಕ್ಷೆ ಇದ್ದರೆ ಕೊಕೇನ್ ಪಾಸಿಟಿವ್ ಬರಬಹುದು. ನನಗೆ ಬಂತು. ಎಚ್‌ಆರ್‌ಗೆ ಚಹಾ ಕಥೆ ಹೇಳಿ ಒಪ್ಪಿಸೋಕೆ ಮೂರು ವಾರ ಹಿಡಿಯಿತು. ಮಿಕ್ಕ ಎಲೆಗಳನ್ನು ಅಲ್ಲೇ ಬಿಟ್ಟು ಬನ್ನಿ, ಅಮೆರಿಕಕ್ಕೆ ತರುವುದು ಕಾನೂನಿಗೆ ವಿರುದ್ಧ.

ಹಳಿ ಮೇಲಿನ ಮಲ್ನಾಡು
ಮಾಚು ಪಿಚುಗೆ ರೈಲು ಹತ್ತುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತೆ. ಒಂದು ಕಡೆಗೇ 60-70 ಡಾಲರ್! ನಾವು ಕುಸ್ಕೊದಿಂದ ಹಿಡ್ರೋಎಲೆಕ್ಟ್ರಿಕಾ ತನಕ ವ್ಯಾನಿನಲ್ಲಿ ಹೋದೆವು, ಹೋಗಿ ಬರೋಕೆ 80 ಸೋಲ್. ಏಳು ಗಂಟೆ. ಅಬ್ರಾ ಮಲಾಗಾ ಘಾಟಿಯ ತುದಿ 4,300 ಮೀಟರ್, ಅಲ್ಲಿಂದ ಇಳಿಯುವಾಗ ನಮ್ಮ ಗುಂಪಿನ ಮೂವರು ಸರದಿ ಪ್ರಕಾರ ವಾಂತಿ ಮಾಡಿದರು. ಸಾಂತಾ ತೆರೇಸಾ ಕಡೆ ರಸ್ತೆ ಪಕ್ಕ ಬರೀ ಪ್ರಪಾತ. ನಾನು ಆಗುಂಬೆ ಘಾಟಿಯಲ್ಲಿ ಬೆಳೆದವನು, ನಾನೇ ಕಣ್ಣು ಮುಚ್ಚಿ ಕೂತಿದ್ದೆ. ಆಮೇಲೆ ಹಳಿ ಪಕ್ಕ ಸುಮಾರು 10 ಕಿಲೋಮೀಟರ್ ನಡಿಗೆ. ಒಂದು ಕಡೆ ಉರುಬಾಂಬಾ ನದಿ, ಇನ್ನೊಂದು ಕಡೆ ಕಾಡು, ಬಾಳೆಗಿಡ, ಥೇಟ್ ನಮ್ಮೂರು. ಮೂರು ಗಂಟೆ ನಡೆದು ಮಾಚು ಪಿಚು ಬುಡದ ಊರು ಅಗ್ವಾಸ್ ಕಾಲಿಯೆಂತೆಸ್ ಸೇರಿದೆವು. ಮಾರನೇ ದಿನ ಮೇಲಕ್ಕೆ ಬಸ್ಸಿಗೆ 12 ಡಾಲರ್ ಅಂದರು, ಬೇಡ ಅಂತ ಒಂದೂವರೆ ಗಂಟೆ ಮೆಟ್ಟಿಲು ಹತ್ತಿದೆವು.

ವಾಪಸ್ ಬರುವಾಗ ಮಾತ್ರ ಮಧ್ಯಾಹ್ನದ ವ್ಯಾನು ಹತ್ತೇ ನಿಮಿಷದಲ್ಲಿ ತಪ್ಪಿತು. ಒಬ್ಬ ಪುಣ್ಯಾತ್ಮ ಚಿಟ್ಟೆ ಫೋಟೋ ತೆಗೆಯುತ್ತಿದ್ದ. ಟ್ಯಾಕ್ಸಿಗೆ 300 ಸೋಲ್. ಅದನ್ನು ನಾಲ್ಕು ಜನ ಹಂಚಿಕೊಳ್ಳಬೇಕಾ, ಚಿಟ್ಟೆಯವನೇ ಕೊಡಬೇಕಾ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಆದರೂ ರೈಲಿಗಿಂತ ಅಗ್ಗವೇ.

ಡಿಸೆಂಬರ್ ಗಿರಾಕಿ
ಅಗ್ಗ ಅಂತ ಎದೆ ತಟ್ಟಿಕೊಳ್ಳಬೇಡಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ಮಣ್ಣು ಕುಸಿಯುತ್ತೆ. ನಾವು 2022ರ ಡಿಸೆಂಬರ್‌ನಲ್ಲಿ ರೈಲಿನಲ್ಲೇ ಹೋದವರು. ಅಧ್ಯಕ್ಷ ಪೆದ್ರೊ ಕಾಸ್ತಿಯೊ ಅವರನ್ನು ಇಳಿಸಿದ ಮೇಲೆ ಗಲಾಟೆ ಶುರುವಾಗಿ ರೈಲೇ ನಿಂತಿತು. ಕುಸ್ಕೊ ವಿಮಾನ ನಿಲ್ದಾಣವನ್ನೂ ಮುಚ್ಚಿದರು. ಅಗ್ವಾಸ್ ಕಾಲಿಯೆಂತೆಸ್‌ನಲ್ಲಿ ನಾಲ್ಕು ರಾತ್ರಿ ಸಿಕ್ಕಿಬಿದ್ದೆವು. ಮೊದಲ ರಾತ್ರಿ 60 ಸೋಲ್ ಇದ್ದ ರೂಮು ಮೂರನೇ ರಾತ್ರಿಗೆ 110. ಲಿಮಾದಿಂದ ಮುಂದಿನ ಟಿಕೆಟ್ಟೂ ಹೋಯಿತು, ತಲೆಗೆ 640 ಡಾಲರ್ ಲುಕ್ಸಾನು. ಎರಡು ದಿನ ಕೈಯಲ್ಲಿಟ್ಟುಕೊಳ್ಳದೆ ಕುಸ್ಕೊಗೆ ಹೋಗಲೇಬೇಡಿ.

ಹಳಿ ಮೇಲಿನ ಮಲ್ನಾಡು
ನೋಡಿ, ಆಗಲೂ ಹಳಿ ಮೇಲೆ ನಡೆದವರೇ ಮೊದಲು ಹೊರಗೆ ಬಂದಿದ್ದು. ಸುದ್ದಿಯಲ್ಲೂ ಬಂದಿತ್ತು.

ಡಿಸೆಂಬರ್ ಗಿರಾಕಿ
ನಮ್ಮ ಜೊತೆ ನಮ್ಮ ಅತ್ತೆ ಇದ್ದರು ಸ್ವಾಮಿ, 61 ವರ್ಷ. ಅವರನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಿತ್ತಾ?

ಹಳಿ ಮೇಲಿನ ಮಲ್ನಾಡು
ಸ್ನೇಹಿತರ ಟ್ರಿಪ್ ಬಗ್ಗೆ ಕೇಳಿದರೆ ಅತ್ತೆ ಯಾಕೆ ಬಂದರು?

ಅರ್ಧ ಟಿಕೆಟ್
ಜಗಳ ನಿಲ್ಲಿಸಿ. ಟಿಕೆಟ್ಟಿನ ವಿಷಯ ಯಾರೂ ಹೇಳಲೇ ಇಲ್ಲವಲ್ಲ. 2024ರಿಂದ ಮಾಚು ಪಿಚುವಿನಲ್ಲಿ ಮೂರು ಸರ್ಕ್ಯೂಟ್, ಒಂದು ಟಿಕೆಟ್ಟಿಗೆ ಒಂದೇ ದಾರಿ. ನಾವು ನಾಲ್ಕು ಜನ, ಬುಕ್ ಮಾಡುವ ಹೊತ್ತಿಗೆ ಸರ್ಕ್ಯೂಟ್ 2ರಲ್ಲಿ ಎರಡೇ ಸೀಟು. ಫೋಟೋ ಜಾಗದ ಜೊತೆಗೆ ಹಳೇ ಊರೊಳಗೂ ಸುತ್ತಿಸುವುದು ಅದೇ. ಕ್ಯಾಲೆಂಡರಿನಲ್ಲಿ ನೋಡುವ ಫೋಟೋ ಬರಬೇಕಾದರೆ 1 ಅಥವಾ 2 ಬೇಕು. ಚೀಟಿ ಎತ್ತಿದೆವು, ನನಗೆ ಸರ್ಕ್ಯೂಟ್ 3 ಬಂತು, ಕೆಳಗಿನ ದಾರಿ. 152 ಸೋಲ್ ಕೊಟ್ಟು, ಮೇಲಿನ ಕಟ್ಟೆ ಮೇಲೆ ನಿಂತು ಕೈ ಬೀಸುತ್ತಿದ್ದ ಇಬ್ಬರು ಗೆಳೆಯರನ್ನು ನೋಡಿಕೊಂಡು ಬಂದೆ. ಅಗ್ವಾಸ್ ಕಾಲಿಯೆಂತೆಸ್‌ನಲ್ಲಿ ದಿನಕ್ಕೆ 1,000 ಟಿಕೆಟ್ ಕೌಂಟರಿನಲ್ಲೇ ಕೊಡುತ್ತಾರೆ, ಮಾರನೇ ದಿನಕ್ಕೆ. ಅದು ನಮಗೆ ಗೊತ್ತಾಗಿದ್ದು ವಾಪಸ್ ವ್ಯಾನಿನಲ್ಲಿ. ಮತ್ತೆ, ಕುಸ್ಕೊ ಸುತ್ತ ನೋಡೋಕೆ 130 ಸೋಲ್‌ನ ಬೊಲೆತೊ, ಅಂದರೆ ಹಲವು ಜಾಗಕ್ಕೆ ಒಂದೇ ಟಿಕೆಟ್, ತೆಗೆದುಕೊಂಡರೂ ಇಂಕಾಗಳ ಸೂರ್ಯ ದೇಗುಲ ಕೊರಿಕಾಂಚಾಗೆ ಬೇರೆ ದುಡ್ಡು. ಅಲ್ಲಿ ಗೇಟಿನಲ್ಲಿ ಜಗಳವಾಡಿ ಮರ್ಯಾದೆ ಕಳೆದುಕೊಳ್ಳಬೇಡಿ.

ಕಾರ್ಡ್ ಎಲ್ಲಿ
ಬೆಂಗಳೂರಿಗೆ ನೇರ ವಾಪಸ್ ಬರುವವರು ಯೆಲ್ಲೋ ಫೀವರ್ ಲಸಿಕೆ ಹಾಕಿಸಿ, ಹೊರಡುವ ಹತ್ತು ದಿನ ಮೊದಲು. ಕುಸ್ಕೊಗೆ ಬೇಡ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಪೆರುವಿನಿಂದ ಬಂದವರ ಹತ್ತಿರ ನಮ್ಮವರು ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಹೇಗೆ ಗೊತ್ತು ಅಂತ ಕೇಳಬೇಡಿ.

ಹುಳಿ ಪ್ರಿಯೆ
ಸಸ್ಯಾಹಾರಿಯ ಕಷ್ಟ ನಾನು ಹೇಳುತ್ತೇನೆ. ಮಾಂಸ ಬೇಡ, "ಸಿನ್ ಕಾರ್ನೆ" ಅಂದೆ. ಕೋಳಿ ತಂದಿಟ್ಟರು. ಕೋಳಿಯೂ ಬೇಡ ಅಂದೆ. ಕೋಳಿ ಎತ್ತಿಟ್ಟು ಅದೇ ಸೂಪು ತಂದರು. ಮೂರು ದಿನ ಬೇಯಿಸಿದ ಜೋಳ, ಚೀಸು, ಆಲೂಗಡ್ಡೆ. ಅವರ ಆಲೂಗಡ್ಡೆಗೆ ಕೈ ಮುಗಿಯಬೇಕು, ಅದು ಬೇರೆ ಮಾತು. ನಾಲ್ಕನೇ ದಿನ ಹಾಸ್ಟೆಲ್ ಅಡುಗೆಮನೆಯಲ್ಲಿ ಬೇಳೆ ಇಟ್ಟೆ. ಒಂದೂಮುಕ್ಕಾಲು ಗಂಟೆ ಕುದಿಸಿದರೂ ಬೇಳೆ ಕಲ್ಲಿನ ಹಾಗೇ ಇತ್ತು. ಆ ಎತ್ತರದಲ್ಲಿ ನೀರು 88-89 ಡಿಗ್ರಿಗೇ ಕುದಿದುಬಿಡುತ್ತೆ. ಎರಡನೇ ಸಲ ಹೋದಾಗ ಎರಡು ಲೀಟರ್ ಕುಕ್ಕರ್ ಒಯ್ದೆ. ಮೂರು ವಿಷಲ್, ಬೆಣ್ಣೆ ಹಾಗೆ ಬೆಂದಿತು.

ಜೇಬುಖಾಲಿ
ಬೆನ್ನ ಮೇಲೆ ಕುಕ್ಕರ್ ಹೊತ್ತು ಆಂಡೀಸಾ? ಚೌಫಾ ತಿನ್ನಬೇಕಿತ್ತು. ಫ್ರೈಡ್ ರೈಸ್ ತಾನೇ, ಮೊಟ್ಟೆ ಬೇಡ ಅಂದರೆ ಹಾಕೋದಿಲ್ಲ.

ಹುಳಿ ಪ್ರಿಯೆ
ಹಂದಿ ಹುರಿದ ಬಾಣಲೆಯಲ್ಲೇ ಮಾಡುತ್ತಾರೆ. ನೀವು ತಿನ್ನಿ.

ಡಲ್ಲಾಸ್ ದೋಸೆ
ಪುಳಿಯೋಗರೆ ಗೊಜ್ಜು ಒಯ್ದರೆ ಮುಗೀತಲ್ವಾ?

ಹುಳಿ ಪ್ರಿಯೆ
ಗೊಜ್ಜು ಕಲಸೋಕೆ ಅನ್ನ ಬೇಯಬೇಕಲ್ಲಪ್ಪಾ! ಅಲ್ಲಿ ಬರೀ ಪಾತ್ರೆಯಲ್ಲಿ ಅನ್ನ ಮಾಡಿ ನೋಡು. ಹೊರಗೆ ಗಂಜಿ, ಒಳಗೆ ಅಕ್ಕಿ.

ಹೊಸ ಅಲೆಮಾರಿ
ಎಲ್ಲರಿಗೂ ಥ್ಯಾಂಕ್ಸ್. ಮಂಡಿ ನೋವಿನವನು ನಡೆಯಬಹುದಾ ಅಂತ ಯಾರಾದರೂ ಹೇಳ್ತೀರಾ?

ಹುಳಿ ಪ್ರಿಯೆ
ಮಂಡಿ ವಿಷಯ ನನಗೆ ಗೊತ್ತಿಲ್ಲ. ಕುಕ್ಕರ್ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ, ಗ್ಯಾಸ್ಕೆಟ್ ಇನ್ನೊಂದು ಇಟ್ಟುಕೊಳ್ಳಿ. ನನ್ನದು ಐದನೇ ದಿನಕ್ಕೆ ಹರಿಯಿತು.