ಎನಾಮೆಲ್ ಬಳಿದ ಹಲಗೆಯ ಮೇಲೆ ವಿನೈಲ್ ಅಕ್ಷರ ನಿಲ್ಲುತ್ತಿಲ್ಲ: ಒತ್ತಕ್ಷರಗಳೇ ಮೊದಲು ಏಳುತ್ತಿವೆ

ತೀರ್ಥಹಳ್ಳಿಯ ಶಿಕ್ಷಕಿ:
ನಮಸ್ಕಾರ. ಮನೆಯ ಹೊರಕೋಣೆಯಲ್ಲಿ ಊರಿನ ಮಕ್ಕಳಿಗಾಗಿ ಪುಸ್ತಕಗಳನ್ನು ಜೋಡಿಸಿಟ್ಟಿದ್ದೇವೆ. ಅದರ ಬೋರ್ಡಿಗೆಂದು 4 ಅಡಿ ಉದ್ದದ ಹಳೆಯ ಹಲಸಿನ ಹಲಗೆಯನ್ನು ಉಜ್ಜಿ, ಪ್ರೈಮರ್ ಹಚ್ಚಿ, ಕಡು ಹಸಿರು ಎನಾಮೆಲ್ ಎರಡು ಕೋಟ್ ಬಳಿದೆ. ಮೂರನೆಯ ದಿನ ಮುಟ್ಟಿದರೆ ಬಣ್ಣ ಕೈಗೆ ಅಂಟುತ್ತಿರಲಿಲ್ಲ. ರೇಡಿಯಂ ಅಂಗಡಿಯಲ್ಲಿ ವಿನೈಲ್ ಸ್ಟಿಕರ್ ಹಾಳೆಯಿಂದ ಕತ್ತರಿಸಿಕೊಟ್ಟ ಬಿಳಿ ಅಕ್ಷರಗಳನ್ನು ಅಂದೇ ಅಂಟಿಸಿದೆ: ‘ಮಕ್ಕಳ ಪುಸ್ತಕ ಮನೆ’. ವಾರದೊಳಗೆ ‘ಕ್ಕ’ದ ಒತ್ತು, ‘ಸ್ತ’ದ ಒತ್ತು ಎರಡೂ ತುದಿಯಿಂದ ಸುರುಳಿಯಾಗಿ ಎದ್ದವು. ‘ಮ’ದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಒತ್ತಿದರೆ ಕೂರುತ್ತವೆ, ಬೆಳಿಗ್ಗೆ ನೋಡಿದರೆ ಮತ್ತೆ ಎದ್ದಿರುತ್ತವೆ. ಅಡಿಯಲ್ಲಿ ಒಂದು ಹನಿ ಗೋಂದು ಬಿಡಲೇ?

ಹುಬ್ಬಳ್ಳಿಯ ಬೋರ್ಡ್ ಕೆಲಸಗಾರ:
ಗೋಂದು ಮಾತ್ರ ಬೇಡ ಮೇಡಂ. ಅದು ಗಟ್ಟಿಯಾಗಿ ಗಂಟುಕಟ್ಟುತ್ತದೆ, ಮುಂದೆ ಅಕ್ಷರ ಬದಲಿಸಲು ಹೋದರೆ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.

ಎದ್ದಿರುವ ಒಂದು ಒತ್ತನ್ನು ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು ಅದರ ಬೆನ್ನನ್ನು ನೋಡಿ. ಅಂಟಿಗೆ ಹಸಿರು ಬಣ್ಣ ಹತ್ತಿಕೊಂಡಿದ್ದರೆ ಬಣ್ಣವೇ ಹಲಗೆಯನ್ನು ಹಿಡಿದಿಲ್ಲ ಎಂದರ್ಥ. ಬೂದಿಯಂತಹ ಪುಡಿ ಕಂಡರೆ ಉಜ್ಜಿದ ಧೂಳು ಉಳಿದಿದೆ. ಬೆನ್ನು ಸ್ವಚ್ಛವಾಗಿದ್ದು, ಬೆರಳಿಗೆ ಚೆನ್ನಾಗಿಯೇ ಅಂಟಿದರೆ ಬಣ್ಣದ ಮೇಲ್ಮೈಯಲ್ಲಿ ಏನೋ ಜಿಡ್ಡು ಕುಳಿತಿದೆ. ಒತ್ತಕ್ಷರ ಮೊದಲು ಏಳುವುದು ಸಹಜ. ಅಂಟು ಹಿಡಿಯುವ ಜಾಗ ಅಂಗುಲದಷ್ಟೂ ಇಲ್ಲ, ಸುತ್ತಲಿನ ಅಂಚು ಮಾತ್ರ ಉದ್ದ. ಅದು ರೋಗವಲ್ಲ, ರೋಗದ ಸುಳಿವು.

ಗುಳ್ಳೆಯ ಕಾರಣ ಬೇರೆ. ಎನಾಮೆಲ್ ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಥಿನ್ನರ್ ಆವಿಯಾಗುತ್ತದೆ, ಆಮೇಲೆ ಬಣ್ಣದೊಳಗಿನ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕೈಗೆ ಅಂಟದಿರುವುದು ಮೊದಲ ಹಂತದ ಗುರುತು ಮಾತ್ರ. ಎರಡನೆಯದಕ್ಕೆ ವಾರಗಳೇ ಬೇಕು. ಮೂರು ದಿನಕ್ಕೆ ವಿನೈಲ್ ಹೊದಿಸಿದರೆ ಒಳಗಿನ ಆವಿಗೆ ದಾರಿ ಇರುವುದಿಲ್ಲ.

ಇನ್ನೊಂದು ಮಾತು. ಅಂಟಿಸುವ ಮೊದಲು ಹಲಗೆಯನ್ನು ಯಾವುದರಿಂದ ಒರೆಸಿದಿರಿ?

ತೀರ್ಥಹಳ್ಳಿಯ ಶಿಕ್ಷಕಿ:
ಬೆನ್ನು ಸ್ವಚ್ಛವಾಗಿದೆ, ಬೆರಳಿಗೂ ಅಂಟುತ್ತದೆ. ಹೊಳಪು ಬರಲೆಂದು ಪೀಠೋಪಕರಣಕ್ಕೆ ಹೊಡೆಯುವ ಪಾಲಿಶ್ ಸ್ಪ್ರೇ ಹೊಡೆದು ಒರೆಸಿದ್ದೆ. ಅದೇ ತಪ್ಪಾಯಿತೇ?

ಹುಬ್ಬಳ್ಳಿಯ ಬೋರ್ಡ್ ಕೆಲಸಗಾರ:
ಅದೇ. ಅಂತಹ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಅಥವಾ ಮೇಣ ಇರುತ್ತದೆ. ಧೂಳು ಕೂರದಿರಲೆಂದು ಹಾಕುವ ವಸ್ತು ಅಂಟನ್ನೂ ಕೂರಲು ಬಿಡುವುದಿಲ್ಲ.

ಹೇರ್ ಡ್ರೈಯರ್‌ನಿಂದ ತುಸು ಬಿಸಿ ಮಾಡಿ ಎಲ್ಲ ಅಕ್ಷರಗಳನ್ನೂ ಬಿಡಿಸಿಬಿಡಿ. ಅವು ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಹಲಗೆಯನ್ನು ಗಾಳಿಯಾಡುವ ಜಗುಲಿಯಲ್ಲಿ ನಾಲ್ಕು ವಾರ ನಿಲ್ಲಿಸಿ. ಆಮೇಲೆ ಕೆಳಗಿನ ಮೂಲೆಯಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ, ಮೂಗಿಗೆ ಬಣ್ಣದ ವಾಸನೆ ಬಂದರೆ ಇನ್ನೂ ಕಾಯಬೇಕು.

ಗಟ್ಟಿಯಾದ ಮೇಲೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಿಂದ ತೊಳೆದು, ಬರಿ ನೀರಿನಿಂದ ಎರಡು ಸಲ ಒರೆಸಿ, ಒಣಗಿಸಿ. ನಂತರ ಬಿಳಿ ಹತ್ತಿ ಬಟ್ಟೆಗೆ ಟರ್ಪೆಂಟೈನ್ ಸ್ವಲ್ಪವೇ ಹಾಕಿ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಬೇಕು, ಇಲ್ಲದಿದ್ದರೆ ಸಿಲಿಕೋನನ್ನು ಎತ್ತುವ ಬದಲು ಹಲಗೆಯ ತುಂಬ ಹರಡಿದಂತಾಗುತ್ತದೆ. ಇದಕ್ಕೂ ಮೊದಲು ಉಪ್ಪುಕಾಗದ ಮುಟ್ಟಲೇಬೇಡಿ, ಗೀರುಗಳೊಳಗೆ ಜಿಡ್ಡು ಇಳಿದುಬಿಡುತ್ತದೆ. ಹಿಡಿತ ಬರಲೆಂದು ಹೊಳಪನ್ನು ಉಜ್ಜಿ ತೆಗೆಯುವವರೂ ಇದ್ದಾರೆ. ಉಜ್ಜಬೇಕಾದದ್ದು ಮುಂದಿನ ಕೋಟ್ ಬಣ್ಣಕ್ಕೆ, ವಿನೈಲ್‌ಗೆ ಅಲ್ಲ. ನುಣುಪಾದಷ್ಟೂ ಅಂಟಿಗೆ ತಾಕುವ ಜಾಗ ಹೆಚ್ಚು. ಬಣ್ಣದಲ್ಲಿ ಧೂಳಿನ ಕಾಳು ಸಿಕ್ಕಿದ್ದರೆ ಅಷ್ಟನ್ನೇ 400ರ ನಯವಾದ ಉಪ್ಪುಕಾಗದದಿಂದ ಹಗುರವಾಗಿ ತೆಗೆಯಿರಿ.

ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಬೇಗ ಆರುವ ಶುಚಿಗೊಳಿಸುವ ದ್ರವ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ. ತಾನೇ ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಆಮೇಲೆ ಹಲಗೆಗೆ ಅಂಗೈ ತಾಗಿಸಬೇಡಿ.

ಮಂಗಳೂರಿನಿಂದ ಒಬ್ಬರು:
ನಮ್ಮ ಕಡೆಯ ಮಳೆಗಾಲದಲ್ಲಿ ನಾಲ್ಕು ವಾರ ಸಾಲದು, ನಾನು ಆರು ವಾರ ಬಿಡುತ್ತೇನೆ. ಹಲಗೆಯ ಎರಡು ತುದಿಗಳಿಗೂ ಬೆನ್ನಿಗೂ ಬಣ್ಣ ಬಳಿದಿದ್ದೀರಾ? ಮರ ನೀರು ಕುಡಿಯುವುದು ಹೆಚ್ಚಾಗಿ ಅಡ್ಡ ಕೊಯ್ದ ತುದಿಯಿಂದಲೇ.

ತೀರ್ಥಹಳ್ಳಿಯ ಶಿಕ್ಷಕಿ (ಏಳು ವಾರಗಳ ನಂತರ):
ಬೆನ್ನು, ತುದಿಗಳು ಬರಿದಾಗಿದ್ದವು, ಅವತ್ತೇ ಬಳಿದೆ. ಆರು ವಾರ ಬಿಟ್ಟು, ನೀವು ಹೇಳಿದಂತೆಯೇ ತೊಳೆದೆ. ಟರ್ಪೆಂಟೈನ್ ಹಾಕುವ ಮೊದಲು ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತಿತ್ತು. ನಾಲ್ಕನೆಯ ಬಟ್ಟೆಯ ಹೊತ್ತಿಗೆ ಹಾಳೆಯಂತೆ ಹರಡಿಕೊಂಡಿತು. ಉಳಿದಿದ್ದ ವಿನೈಲ್ ಚೂರನ್ನು ಮೂಲೆಗೆ ಅಂಟಿಸಿ ಒಂದು ದಿನ ಬಿಟ್ಟು ಎಳೆದೆ. ಗಟ್ಟಿಯಾಗಿ ಹಿಡಿದಿತ್ತು, ಬಣ್ಣವೂ ಕಿತ್ತು ಬರಲಿಲ್ಲ. ಹೊಸ ಅಕ್ಷರಗಳನ್ನು ಅಂಟಿಸಿ ಇವತ್ತಿಗೆ ಎಂಟು ದಿನ. ‘ಕ್ಕ’ದ ಒತ್ತಿನ ತುದಿಗೆ ಉಗುರು ಸಿಗುತ್ತಿಲ್ಲ. ಅಂಗಡಿಯವರಿಗೆ ಹೇಳಿ ಈ ಸಲ ಒತ್ತುಗಳನ್ನು ತುಸು ದಪ್ಪವಾಗಿ ಕತ್ತರಿಸಿಕೊಂಡೆ. ಒಂದೇ ಸಂಶಯ: ಮೇಲೆ ವಾರ್ನಿಷ್ ಬಳಿಯಬಹುದೇ?

ಹುಬ್ಬಳ್ಳಿಯ ಬೋರ್ಡ್ ಕೆಲಸಗಾರ:
ಬಹಳ ಸಂತೋಷವಾಯಿತು. ವಾರ್ನಿಷ್ ಬೇಡ, ಅದರ ಥಿನ್ನರ್ ವಿನೈಲಿನ ಅಂಚನ್ನು ಸುಕ್ಕುಗಟ್ಟಿಸಬಹುದು. ಸೂರಿನ ನೀರು ನೇರವಾಗಿ ಬೀಳದ ಕಡೆ ನೇತುಹಾಕಿ, ಗೋಡೆಗೂ ಹಲಗೆಗೂ ನಡುವೆ ಬೆರಳಗಲ ಗಾಳಿ ಇರಲಿ.