ತರಕಾರಿಗಳ ಇಂಗ್ಲಿಷ್ ಹೆಸರು: ನಮ್ಮ ಮಕ್ಕಳಿಗೆ ಯಾವುದನ್ನು, ಹೇಗೆ ಕಲಿಸಬೇಕು?

ಪ್ರಶ್ನೆ: ಬದಿಯಡ್ಕ ಕಡೆಯ ಅಧ್ಯಾಪಿಕೆ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಿರಿಯ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ತರಕಾರಿಗಳ ಹೆಸರು ಕಲಿಸುವ ಪಾಠ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ಪೇಟೆಯಲ್ಲಿ ಸಿಗುವ ಚಿತ್ರಪಟಗಳಲ್ಲಿ ಕ್ಯಾರೆಟ್, ಬ್ರೊಕೊಲಿ, ಟರ್ನಿಪ್, ಲೆಟಿಸ್‌ಗಳಿಗೆ ಜಾಗವಿರುತ್ತದೆಯೇ ಹೊರತು ಮಕ್ಕಳು ಮನೆಯಲ್ಲಿ ಉಣ್ಣುವ ತೊಂಡೆ, ಹರಿವೆ, ಬಸಳೆ, ಕೆಸು, ಸುವರ್ಣಗಡ್ಡೆಗಳಿಗೆ ಇರುವುದಿಲ್ಲ. ಕನ್ನಡ ಹೆಸರು ಬರೆದು ಅದರ ಮುಂದೆ ಇಂಗ್ಲಿಷ್ ಹೆಸರು ಬರೆದರಾಯಿತು ಎನ್ನುವಂತೆಯೂ ಇಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಮೂವರಲ್ಲಿ ಒಬ್ಬನ ಮನೆಯಲ್ಲಿ ತೊಂಡೆಕಾಯಿ ಎನಿಸಿಕೊಂಡದ್ದು ತುಳು ಮಾತನಾಡುವ ಮನೆಯಲ್ಲಿ ಮನೋಳಿ, ಮಲಯಾಳದ ಮನೆಯಲ್ಲಿ ಕೋವಕ್ಕ.

ಇದರ ಮೇಲೆ ಇಂಗ್ಲಿಷಿನೊಳಗೇ ಭಿನ್ನತೆ ಇದೆ. ನಾನು ಬ್ರಿಂಜಾಲ್ ಎಂದು ಕಲಿಸಿದರೆ, ಮೊಬೈಲಿನಲ್ಲಿ ಕಾರ್ಟೂನು ನೋಡುವ ಮಕ್ಕಳು ಅದು ಎಗ್‌ಪ್ಲಾಂಟ್ ಎಂದು ವಾದಿಸುತ್ತಾರೆ. ಶಾಲೆಯ ಕೈತೋಟಕ್ಕೆ ಬಂದ ಬೀಜದ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ‘ಪ್ರೀತಿ’ ಎಂದಿದ್ದುದನ್ನು ಓದಿದ ಹುಡುಗಿಯೊಬ್ಬಳು ಹಾಗಲಕಾಯಿಗೆ ಇಂಗ್ಲಿಷಿನಲ್ಲಿ ಪ್ರೀತಿ ಎನ್ನುತ್ತಾರೆಯೇ ಎಂದು ಗಂಭೀರವಾಗಿಯೇ ಕೇಳಿದಳು. ಎರಡೆರಡು ಹೆಸರುಗಳಿರುವಲ್ಲಿ ಯಾವುದನ್ನು ಮೊದಲು ಕಲಿಸಬೇಕು, ಪಟ್ಟಿಯನ್ನು ಬಾಯಿಪಾಠ ಮಾಡಿಸದೆ ಹೆಸರುಗಳು ನೆನಪಿನಲ್ಲಿ ಉಳಿಯುವಂತೆ ಮಾಡುವುದು ಹೇಗೆ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನೀರ್ಚಾಲಿನ ನಿವೃತ್ತ ಅಧ್ಯಾಪಕ

ಟೀಚರೇ, ಬ್ರಿಂಜಾಲ್ ಎಂಬುದು ತಪ್ಪು ಇಂಗ್ಲಿಷ್ ಎಂಬ ಭಾವನೆಯನ್ನು ಮೊದಲು ಮಕ್ಕಳ ಮನಸ್ಸಿನಿಂದ ತೆಗೆಯಿರಿ. ಪೋರ್ಚುಗೀಸರ ಬೆರಿಂಜೆಲಾದಿಂದ ಬಂದು ಭಾರತದ ಇಂಗ್ಲಿಷಿನಲ್ಲಿ ನೆಲೆಯೂರಿದ ಪದವದು. ನಿಘಂಟುಗಳಲ್ಲಿ ಅದಕ್ಕೆ ಸ್ಥಾನವಿದೆ. ಬ್ರಿಟನ್ನಿನವರು ಅದನ್ನೇ ಓಬರ್ಜೀನ್ ಎನ್ನುತ್ತಾರೆ, ಅಮೆರಿಕದವರು ಎಗ್‌ಪ್ಲಾಂಟ್ ಎನ್ನುತ್ತಾರೆ. ಬೆಂಡೆಗೆ ಲೇಡೀಸ್ ಫಿಂಗರ್ ಮತ್ತು ಓಕ್ರಾ, ದೊಣ್ಣೆಮೆಣಸಿಗೆ ಕ್ಯಾಪ್ಸಿಕಮ್ ಮತ್ತು ಬೆಲ್ ಪೆಪ್ಪರ್, ಕೊತ್ತಂಬರಿ ಸೊಪ್ಪಿಗೆ ಕೊರಿಯಾಂಡರ್ ಮತ್ತು ಸಿಲಾಂಟ್ರೊ ಎಂಬ ಜೋಡಿಗಳೂ ಇದೇ ರೀತಿಯವು. ಕಿರಿಯ ತರಗತಿಗಳಲ್ಲಿ ಪಾಠಪುಸ್ತಕದ ಹೆಸರೊಂದೇ ಸಾಕು. ತುಳು, ಮಲಯಾಳ, ಕನ್ನಡಗಳ ನಡುವೆ ದಿನವಿಡೀ ಓಡಾಡುವ ನಮ್ಮ ಮಕ್ಕಳಿಗೆ ಒಂದು ಕಾಯಿಗೆ ಎರಡು ಹೆಸರು ಇರುವುದು ಆಶ್ಚರ್ಯದ ಸಂಗತಿಯೇ ಅಲ್ಲ. ಐದನೆಯ ತರಗತಿಯ ಹೊತ್ತಿಗೆ ಎರಡನೆಯ ಹೆಸರನ್ನು ಹೇಳಿದರೆ ಸುಲಭವಾಗಿಯೇ ಹಿಡಿದುಕೊಳ್ಳುತ್ತಾರೆ.

ಕಲಿಸುವ ಕ್ರಮದ ಬಗ್ಗೆ ಹೇಳುವುದಾದರೆ, ಗೋರ್ಡ್ ಎಂಬ ಒಂದು ಪದದಿಂದ ಆರಂಭಿಸುವುದು ಲಾಭದಾಯಕ. ಅದು ಕೈಗೆ ಸಿಕ್ಕಿದರೆ ಹಾಗಲ ಬಿಟರ್ ಗೋರ್ಡ್, ಪಡುವಲ ಸ್ನೇಕ್ ಗೋರ್ಡ್, ಹೀರೆ ರಿಜ್ ಗೋರ್ಡ್, ಸೋರೆ ಬಾಟಲ್ ಗೋರ್ಡ್, ಬೂದುಗುಂಬಳ ಆಶ್ ಗೋರ್ಡ್, ತೊಂಡೆ ಐವಿ ಗೋರ್ಡ್ ಎಂದು ಅರ್ಧ ಚಪ್ಪರವೇ ಬಂದಂತಾಗುತ್ತದೆ. ಇಲ್ಲಿ ಹೆಚ್ಚಿನ ಹೆಸರುಗಳ ಮೊದಲ ಪದವು ಆ ಕಾಯಿಯ ರುಚಿಯನ್ನೋ ಆಕಾರವನ್ನೋ ಹೇಳುತ್ತದೆ. ಹೀರೆಕಾಯಿಯ ಏಣುಗಳ ಮೇಲೆ ಮಗು ಬೆರಳಾಡಿಸುತ್ತಿರುವಾಗ ಇದಕ್ಕೇ ರಿಜ್ ಎನ್ನುವುದು ಎಂದು ಹೇಳಿದರೆ, ಮುಂದೆ ಭೂಗೋಳದಲ್ಲಿ ಬೆಟ್ಟದ ಏಣಿನ ಪ್ರಸ್ತಾಪ ಬಂದಾಗಲೂ ಆ ಪದ ಉಪಯೋಗಕ್ಕೆ ಬರುತ್ತದೆ. ಉಚ್ಚಾರದಲ್ಲಿ ಮಾತ್ರ ಗೌರ್ಡ್ ಎಂಬ ರೂಢಿ ಬೀಳದಂತೆ ನೋಡಿಕೊಳ್ಳಿ. ಆನಿಯನ್ ಎನ್ನುವುದು ಕೂಡ ಸರಿಯಾದ ಉಚ್ಚಾರದಲ್ಲಿ ಅನ್ಯನ್‌ಗೆ ಹತ್ತಿರ. ಸ್ಪಿನಾಚ್ ಅಲ್ಲ, ಸ್ಪಿನಿಚ್.

ಬಿಡಿ ಹೆಸರುಗಳಿಗಿಂತ ಅವುಗಳ ಜೊತೆಗೆ ಬರುವ ಪದಗಳು ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಬೆಳ್ಳುಳ್ಳಿಯ ಒಂದು ಎಸಳಿಗೆ ಕ್ಲೋವ್, ಒಂದು ಇಡೀ ಕೋಸಿಗೆ ಹೆಡ್, ಹರಿವೆಯ ಒಂದು ಕಟ್ಟಿಗೆ ಬಂಚ್, ಅಲಸಂಡೆಯ ಒಂದು ಕೋಡಿಗೆ ಪಾಡ್ ಎನ್ನುತ್ತಾರೆ. ಬೀನ್ಸ್ ಬಹುವಚನದಲ್ಲಿ ಬರುತ್ತದೆ. ಸ್ಪಿನಿಚ್‌ಗೆ ಬಹುವಚನ ಹಚ್ಚುವುದಿಲ್ಲ. ನೂರು ಹೆಸರು ಹೇಳಬಲ್ಲ ಮಗು ಅಂಗಡಿಗೆ ಹೋಗಿ ಒಂದು ಕಟ್ಟು ಹರಿವೆ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಲಾರದಿದ್ದರೆ ಆ ಪಟ್ಟಿಯಿಂದ ಪ್ರಯೋಜನವೇನು?

ಉತ್ತರ 2: ಶಾರ್ಜಾದಲ್ಲಿರುವ ಕುಂಬಳೆಯವ

ಮಾಷ್ಟ್ರು ಬರೆದದ್ದನ್ನು ಗೌರವದಿಂದಲೇ ಓದಿದೆ, ಆದರೆ ಎರಡನೆಯ ಹೆಸರನ್ನು ಐದನೆಯ ತರಗತಿಯವರೆಗೆ ಮುಂದೂಡುವ ಮಾತನ್ನು ಒಪ್ಪಲು ಕಷ್ಟವಾಗುತ್ತದೆ. ನಮ್ಮ ಊರಿನ ಎಷ್ಟು ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿಲ್ಲ? ನಾನು ಇಲ್ಲಿ ಸೂಪರ್ ಮಾರ್ಕೆಟೊಂದರ ತರಕಾರಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಲಯಾಳಿ ಗಿರಾಕಿಗಳಿಗೆ ಬ್ರಿಂಜಾಲ್ ಅರ್ಥವಾಗುತ್ತದೆ. ಫಿಲಿಪೀನ್ಸಿನ ಸಹೋದ್ಯೋಗಿಗೆ ಎಗ್‌ಪ್ಲಾಂಟ್ ಎಂದರೆ ಮಾತ್ರ ತಿಳಿಯುತ್ತದೆ. ಬೆಂಡೆಯ ಬುಟ್ಟಿಗೆ ಓಕ್ರಾ ಎಂಬ ಚೀಟಿ ಅಂಟಿಸುತ್ತೇವೆ, ಈಜಿಪ್ಟಿನವರು ಬಂದು ಅದನ್ನೇ ಬಾಮಿಯಾ ಎಂದು ಕೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ನುಗ್ಗೆಕಾಯಿಯಿಂದ. ಊರಿನಲ್ಲಿ ಡ್ರಮ್‌ಸ್ಟಿಕ್ ಎಂದು ಕಲಿತು ಬಂದ ಹೊಸ ಹುಡುಗರು ಹಾಗೆಯೇ ಹೇಳಿದರೆ ಭಾರತದ ಹೊರಗಿನವರು ನೇರವಾಗಿ ಮಾಂಸದ ವಿಭಾಗದತ್ತ ಕೈ ತೋರಿಸುತ್ತಾರೆ, ಏಕೆಂದರೆ ಅವರ ಪಾಲಿಗೆ ಅದು ಕೋಳಿಯ ಕಾಲು. ಮೊರಿಂಗಾ ಎಂಬ ಹೆಸರನ್ನೂ ಜೊತೆಯಲ್ಲೇ ಹೇಳಿಕೊಟ್ಟರೆ ಆ ಗೊಂದಲವಿರದು. ಯಾಮ್ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು: ನಾವು ಸುವರ್ಣಗಡ್ಡೆಯನ್ನು ಎಲಿಫೆಂಟ್ ಫುಟ್ ಯಾಮ್ ಎನ್ನುತ್ತೇವೆ, ಅಮೆರಿಕದಲ್ಲಿ ಬರಿಯ ಯಾಮ್ ಎಂದರೆ ಅನೇಕ ವೇಳೆ ಸಿಹಿಗೆಣಸು.

ಉತ್ತರ 3: ಮುಳ್ಳೇರಿಯದ ಕೃಷಿಕ

ಪ್ರೀತಿ ಎಂಬ ಹೆಸರಿನ ಕಥೆ ಓದಿ ಸಂತೋಷವಾಯಿತು. ಅದು ಕೇರಳ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಹಾಗಲದ ತಳಿ. ಹರಿವೆಯ ಪೊಟ್ಟಣದ ಮೇಲೆ ಅರುಣ್, ಪಡುವಲದ ಮೇಲೆ ಕೌಮುದಿ, ಅಲಸಂಡೆಯ ಮೇಲೆ ಲೋಲ ಎಂದು ಇರುವುದೂ ತಳಿಯ ಹೆಸರೇ. ಪೊಟ್ಟಣದಲ್ಲಿ ತರಕಾರಿಯ ಹೆಸರು ಎಲ್ಲಿದೆ, ತಳಿಯ ಹೆಸರು ಎಲ್ಲಿದೆ ಎಂದು ಹುಡುಕಿಸುವುದೇ ಒಂದು ಒಳ್ಳೆಯ ಪಾಠವಾದೀತು.

ಇಂಗ್ಲಿಷ್ ಹೆಸರುಗಳು ದೇಶಕ್ಕೊಂದರಂತೆ ಬದಲಾಗುವುದರಿಂದ ಸಂದೇಹ ಬಂದಾಗ ನಾನು ಸಸ್ಯಶಾಸ್ತ್ರದ ಹೆಸರನ್ನು ನೋಡುತ್ತೇನೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಗಟ್ಟಿಯಾದ ಎರಡು ಪದಗಳ ಪದ್ಧತಿ ಇಂದಿಗೂ ಎಲ್ಲ ದೇಶಗಳಲ್ಲಿ ನಡೆಯುತ್ತಿದೆ. ತೊಂಡೆ, ಮನೋಳಿ, ಕೋವಕ್ಕ, ಐವಿ ಗೋರ್ಡ್ ಎಲ್ಲವೂ ಕೊಕ್ಸಿನಿಯಾ ಗ್ರಾಂಡಿಸ್. ಮಕ್ಕಳಿಗೆ ಇದನ್ನು ಕಲಿಸಬೇಕೆಂದಲ್ಲ. ಚಿತ್ರಪಟ ತಯಾರಿಸುವ ಅಧ್ಯಾಪಕರು ಅಂತರ್ಜಾಲದಲ್ಲಿ ಚಿತ್ರ ಹುಡುಕುವಾಗ ಈ ಹೆಸರನ್ನು ಬಳಸಿದರೆ ಬೇರೆ ಕಾಯಿಯ ಚಿತ್ರ ಬಂದು ಸೇರುವ ಸಂಭವ ಕಡಿಮೆ.

ಎರಡು ಕಡೆ ವಿಶೇಷ ಗಮನ ಬೇಕು. ಮೊದಲನೆಯದು ಸೊಪ್ಪು. ಎಲ್ಲ ಸೊಪ್ಪನ್ನೂ ಸ್ಪಿನಿಚ್ ಎನ್ನುವ ಅಭ್ಯಾಸ ನಮ್ಮಲ್ಲಿದೆ. ಹರಿವೆ ಅಮರಾಂತ್, ಬಸಳೆಗೆ ಮಲಬಾರ್ ಸ್ಪಿನಿಚ್ ಎಂಬ ಹೆಸರಿದ್ದರೂ ಅದು ನಿಜವಾದ ಸ್ಪಿನಿಚ್‌ನ ಕುಲಕ್ಕೆ ಸೇರಿದ್ದಲ್ಲ. ಎರಡನೆಯದು ಸೌತೆ. ಹಸಿಯಾಗಿ ತಿನ್ನುವ ಮುಳ್ಳುಸೌತೆಯನ್ನು, ಅಂದರೆ ತುಳುವಿನ ತೆಕ್ಕರೆಯನ್ನು, ಕುಕುಂಬರ್ ಎಂದರೆ ಸರಿ. ಆದರೆ ಕೊದ್ದೆಲಿಗೆ ಹಾಕುವ, ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದಿಂದ ತೂಗಹಾಕಿ ಮಳೆಗಾಲಕ್ಕೆ ಉಳಿಸಿಕೊಳ್ಳುವ ಹಳದಿ ಪಟ್ಟೆಯ ಸೌತೆ, ಮಲಯಾಳದ ವೆಳ್ಳರಿ, ಸಸ್ಯಶಾಸ್ತ್ರದ ಪ್ರಕಾರ ಕರಬೂಜದ ಜಾತಿಗೆ ಸೇರಿದ್ದು. ವ್ಯವಹಾರದಲ್ಲಿ ಅದಕ್ಕೆ ಮ್ಯಾಂಗಲೋರ್ ಕುಕುಂಬರ್ ಎನ್ನುತ್ತಾರೆ, ಕೃಷಿ ವಿಜ್ಞಾನಿಗಳು ಓರಿಯೆಂಟಲ್ ಪಿಕ್ಲಿಂಗ್ ಮೆಲನ್ ಎಂದು ಬರೆಯುತ್ತಾರೆ. ಮಕ್ಕಳಿಗೆ ಮೊದಲನೆಯದು ಸಾಕು, ಆದರೆ ಬರಿಯ ಕುಕುಂಬರ್ ಎಂದು ಎರಡನ್ನೂ ಒಂದೇ ಚಿತ್ರದಡಿ ಹಾಕಬೇಡಿ.

ಮರುಪ್ರಶ್ನೆ: ಬದಿಯಡ್ಕ ಕಡೆಯ ಅಧ್ಯಾಪಿಕೆ

ಮೂವರಿಗೂ ಕೃತಜ್ಞತೆಗಳು. ಚಿತ್ರಪಟವನ್ನು ನಾವೇ ತಯಾರಿಸುವುದೆಂದು ನಿಶ್ಚಯಿಸಿದ್ದೇನೆ. ಗೋರ್ಡ್‌ಗಳ ಗುಂಪಿನಿಂದಲೇ ಆರಂಭಿಸುತ್ತೇನೆ. ನುಗ್ಗೆ, ಬದನೆ, ಬೆಂಡೆ ಈ ಮೂರಕ್ಕೆ ಮಾತ್ರ ಎರಡೂ ಹೆಸರುಗಳನ್ನು ಈಗಲೇ ಬರೆಯುತ್ತೇನೆ, ಮಾಷ್ಟ್ರು ಮನ್ನಿಸಬೇಕು. ಗುಜ್ಜೆಗೂ ದೀಗುಜ್ಜೆಗೂ ಏನು ಬರೆಯಲಿ? ನಮ್ಮ ಮಕ್ಕಳು ಇವೆರಡನ್ನೂ ಬಿಟ್ಟ ಪಟ್ಟಿಯನ್ನು ಒಪ್ಪುವವರಲ್ಲ.

ಉತ್ತರ 4: ಮುಳ್ಳೇರಿಯದ ಕೃಷಿಕ

ಗುಜ್ಜೆ ಬಲಿಯದ ಹಲಸಾದುದರಿಂದ ಟೆಂಡರ್ ಜಾಕ್‌ಫ್ರೂಟ್ ಎಂದು ಬರೆಯಿರಿ. ಜಾಕ್ ಎಂಬುದು ನಮ್ಮ ನೆರೆಯ ಮಲಯಾಳದ ‘ಚಕ್ಕ’ ಎಂಬ ಪದದಿಂದಲೇ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದ ಪದ ಎಂದು ಹೇಳಿದರೆ ಮಲಯಾಳ ಮಾತನಾಡುವ ಮಕ್ಕಳು ಹಿಗ್ಗುತ್ತಾರೆ. ದೀಗುಜ್ಜೆ, ಕೆಲವರ ಬಾಯಲ್ಲಿ ಜೀಗುಜ್ಜೆ, ಬ್ರೆಡ್‌ಫ್ರೂಟ್. ಎರಡೂ ಒಂದೇ ಕುಲದ ಮರಗಳು, ಜಾತಿ ಬೇರೆ. ಎರಡರ ಹೆಸರಿನಲ್ಲೂ ಫ್ರೂಟ್ ಇದೆಯಲ್ಲ, ತರಕಾರಿ ಹೇಗಾಯಿತು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಸಸ್ಯಶಾಸ್ತ್ರದಲ್ಲಿ ಬದನೆ, ಬೆಂಡೆ, ಟೊಮೆಟೊಗಳೂ ಹಣ್ಣುಗಳೇ. ತರಕಾರಿ ಎಂಬುದು ಅಡುಗೆಮನೆ ಮಾಡಿಕೊಂಡ ವಿಂಗಡಣೆ. ಟೊಮೆಟೊ ಹಣ್ಣೋ ತರಕಾರಿಯೋ ಎಂಬ ಪ್ರಶ್ನೆ ಆಮದು ಸುಂಕದ ಕಾರಣದಿಂದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, 1893ರಲ್ಲಿ ಸುಂಕದ ಮಟ್ಟಿಗೆ ಅದು ತರಕಾರಿಯೇ ಎಂದು ತೀರ್ಪಾಯಿತು.